ದಂಡ ಐನೂರು, ಕಡಿತ ನಾಲ್ಕೂವರೆ ಲಕ್ಷ

"ಹೆಲ್ಮೆಟ್ ಹಾಕಿರಲಿಲ್ಲ, ಇನ್ನು ಕ್ಲೇಮು ಎಲ್ಲಿಂದ ಬರುತ್ತೆ ಬಿಡಿ." ಚಿತ್ರದುರ್ಗ ಜಿಲ್ಲೆಯಲ್ಲಿ ಬೈಕ್ ಅಪಘಾತವಾದ ಮನೆಗೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಶವಾಗಾರದ ಮುಂದೆ ಕಾಯುತ್ತಿರುವ ನೆಂಟರು ಹೇಳುತ್ತಾರೆ, ಊರಿನ ಹಿರಿಯರು ಹೇಳುತ್ತಾರೆ, ಹಿರಿಯೂರಿನ ಟಿ.ಬಿ. ವೃತ್ತದಲ್ಲಿ ಟೀ ಕುಡಿಯುತ್ತ ನಿಂತವರೂ ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಇದೇ ಮಾತು ಕೆಂಪು ಅಕ್ಷರಗಳಲ್ಲಿ ಓಡಾಡುತ್ತದೆ: ಹೆಲ್ಮೆಟ್ ಇಲ್ಲದೆ ಸತ್ತರೆ ವಿಮೆ ಕಂಪನಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹೆದರಿಸಿಯಾದರೂ ಜನರ ತಲೆಗೆ ಹೆಲ್ಮೆಟ್ ಏರಿಸೋಣ ಎಂಬ ಒಳ್ಳೆಯ ಮನಸ್ಸಿನಿಂದ ಹಂಚುವವರೂ ಇದ್ದಾರೆ. ಮನಸ್ಸು ಒಳ್ಳೆಯದಿರಬಹುದು, ಮಾತು ಸುಳ್ಳು. ಈ ಸುಳ್ಳನ್ನು ನಂಬಿ ಅರ್ಜಿಯನ್ನೇ ಹಾಕದೆ ಸುಮ್ಮನಾಗುವ ಮನೆಗಳಿವೆ.

ಇದೇ ಮಾತಿನ ನಯವಾದ ರೂಪವೊಂದು ಕೋರ್ಟಿನ ಆವರಣದಲ್ಲಿದೆ. ಪರಿಹಾರ ಪೂರ್ತಿ ನಿರಾಕರಿಸುವುದು ಬೇಡ, ಶೇ 15ನ್ನೋ 20ನ್ನೋ ಕಡಿತ ಮಾಡಿ ಕೊಡೋಣ, ಅವನ ತಪ್ಪೂ ಇದೆಯಲ್ಲ ಎನ್ನುವುದು. ಓದಿದವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ನನ್ನ ತಕರಾರು ಮೊದಲನೆಯದಕ್ಕಿಂತ ಈ ಎರಡನೆಯದರ ಮೇಲೆ ಹೆಚ್ಚು. ಹಸಿ ಸುಳ್ಳನ್ನು ಒಬ್ಬ ವಕೀಲ ಐದು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲ. ನ್ಯಾಯದ ವೇಷ ಹಾಕಿದ ಅನ್ಯಾಯವನ್ನು ಬಿಡಿಸುವುದು ಅಷ್ಟು ಸುಲಭವಲ್ಲ.

ಹೆಲ್ಮೆಟ್ ಬೇಡ ಎನ್ನುವವನ ಪರವಾಗಿ ನಾನು ಬರೆಯುತ್ತಿಲ್ಲ. ಹೆಲ್ಮೆಟ್ ಜೀವ ಉಳಿಸುತ್ತದೆ. ಜಗತ್ತಿನ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಅದು ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ಇಳಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಆದರೂ ಹೊಸದುರ್ಗದ ಸಂತೆಯಿಂದ ಮರಳುವ ಬೈಕುಗಳನ್ನು ನೋಡಿ: ಗಂಡನ ತಲೆಗೆ ಹೆಲ್ಮೆಟ್, ಹೆಂಡತಿಯ ತಲೆಗೆ ಸೆರಗು, ನಡುವೆ ಮಗು ಬರಿದಲೆಯಲ್ಲಿ. ಇದು ಬದಲಾಗಲೇಬೇಕು. ಬದಲಾಯಿಸಲು ಕಾನೂನು ಒಂದು ದಾರಿಯನ್ನು ಹಾಕಿಕೊಟ್ಟಿದೆ. ಸತ್ತವನ ಮನೆಯವರ ಪರಿಹಾರಕ್ಕೆ ಕೈ ಹಾಕುವುದು ಆ ದಾರಿಯಲ್ಲ.

ಮೋಟಾರು ವಾಹನ ಕಾಯ್ದೆ, 1988ರ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ. ಹಾಕದಿದ್ದರೆ ಏನು ಶಿಕ್ಷೆ ಎಂಬುದನ್ನು 2019ರ ತಿದ್ದುಪಡಿಯಲ್ಲಿ ಬಂದ 194ಡಿ ಸೆಕ್ಷನ್ ಹೇಳುತ್ತದೆ: ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ದಂಡವನ್ನು 500 ರೂಪಾಯಿಗೆ ಇಳಿಸಿತು. ಶಾಸಕಾಂಗ ಯೋಚಿಸಿ, ಅಳೆದು, ಈ ತಪ್ಪಿಗೆ ಇಷ್ಟು ಎಂದು ಬೆಲೆ ಕಟ್ಟಿದೆ. ಹೆಲ್ಮೆಟ್ ಹಾಕದವನ ಪರಿಹಾರವನ್ನು ಇಂತಿಷ್ಟು ಕಡಿತ ಮಾಡಿ ಎಂದು ಕಾಯ್ದೆಯ ಯಾವ ಮೂಲೆಯಲ್ಲೂ ಬರೆದಿಲ್ಲ. ಬರೆಯಬೇಕೆನಿಸಿದ್ದರೆ 2019ರಲ್ಲಿ ಅಷ್ಟೆಲ್ಲ ತಿದ್ದಿದವರು ಇದನ್ನೂ ಬರೆಯುತ್ತಿದ್ದರು.

ಇನ್ನು ವಿಮೆ ಕಂಪನಿ ಹಣ ಕೊಡಲಾರೆ ಎನ್ನಲು ಇರುವ ಕಾರಣಗಳು. ಅವೂ 150ನೇ ಸೆಕ್ಷನ್ನಿನಲ್ಲಿ ಪಟ್ಟಿಯಾಗಿವೆ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ಕುಡಿದಿದ್ದ, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುತ್ತಿದ್ದ, ಪ್ರೀಮಿಯಂ ಕಟ್ಟಿರಲಿಲ್ಲ, ಇಂಥವು. ಎಲ್ಲವೂ ಗುದ್ದಿದ ವಾಹನಕ್ಕೆ, ಅದರ ಮಾಲೀಕನಿಗೆ, ಚಾಲಕನಿಗೆ ಸೇರಿದ್ದು. ಗುದ್ದಿಸಿಕೊಂಡವನ ತಲೆಯ ಮೇಲೆ ಏನಿತ್ತು ಎಂಬುದು ಆ ಪಟ್ಟಿಯಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಲಾರಿಯ ಪಾಲಿಸಿ ಲಾರಿ ಮಾಲೀಕನಿಗೂ ಕಂಪನಿಗೂ ನಡುವಿನ ಕರಾರು. ಬೈಕಿನವನು ಅದಕ್ಕೆ ಮೂರನೆಯವನು. ತಾನು ಸಹಿಯನ್ನೇ ಹಾಕದ ಕಾಗದದ ಷರತ್ತನ್ನು ಅವನು ಮುರಿಯುವುದಾದರೂ ಹೇಗೆ?

ಕಡಿತವೆಂದರೆ ಎಷ್ಟು ಹಣ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಶೇಕಡಾವಾರಿನಲ್ಲಿ ಹೇಳಿದಾಗ ಅದು ಸಣ್ಣದಾಗಿ ಕಾಣುತ್ತದೆ. ಹೊಳಲ್ಕೆರೆ ಕಡೆಯ ಗಾರೆ ಕೆಲಸದವನೊಬ್ಬ ಎಂದಿಟ್ಟುಕೊಳ್ಳಿ. ವಯಸ್ಸು 34, ತಿಂಗಳ ದುಡಿಮೆ 15,000. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಶಿವಮೊಗ್ಗ ರಸ್ತೆಯಲ್ಲಿ ಎದುರಿನಿಂದ ಓವರ್‌ಟೇಕ್ ಮಾಡುತ್ತ ಬಂದ ಲಾರಿಗೆ ಸಿಕ್ಕು ಸತ್ತ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪಿನಂತೆ ನಲವತ್ತರ ಒಳಗಿನ ಸ್ವಂತ ದುಡಿಮೆಯವನ ಆದಾಯಕ್ಕೆ ಮುಂದಿನ ಏಳಿಗೆಯ ಬಾಬ್ತು ಶೇ 40 ಸೇರಿಸಬೇಕು. 21,000 ಆಯಿತು. ನಾಲ್ವರು ಅವಲಂಬಿತರು, ಆದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು. 15,750. ವರ್ಷಕ್ಕೆ 1,89,000. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ.

ಇದರಲ್ಲಿ "ಹೆಲ್ಮೆಟ್ ಇರಲಿಲ್ಲ" ಎಂದು ಶೇ 15 ಕಳೆದರೆ ಹೋಗುವುದು 4,53,600 ರೂಪಾಯಿ. ಅದೇ ತಪ್ಪಿಗೆ ಅವನು ಬದುಕಿದ್ದಾಗ ಪೊಲೀಸರ ಕೈಗೆ ಸಿಕ್ಕಿದ್ದರೆ ಕಟ್ಟುತ್ತಿದ್ದುದು 500. ಒಂಬೈನೂರು ಪಟ್ಟು ಹೆಚ್ಚಿನ ದಂಡವಿದು. ಕಟ್ಟುವವಳು ಅವನ ಹೆಂಡತಿ, ಹೋಗುವುದು ಸರ್ಕಾರದ ಖಜಾನೆಗೂ ಅಲ್ಲ, ಉಳಿಯುವುದು ವಿಮೆ ಕಂಪನಿಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮಕ್ಕಳು ಹೆಲ್ಮೆಟ್ ಕಾನೂನು ಮುರಿದಿರಲಿಲ್ಲ. ಲಾರಿ ಓವರ್‌ಟೇಕ್ ಮಾಡಿದ್ದು ಇವನ ತಲೆ ಬರಿದಾಗಿದೆ ಎಂದೂ ಅಲ್ಲ.

ಎದುರು ಪಕ್ಷದ ಬಲವಾದ ವಾದವೊಂದಿದೆ, ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. 2020ರ ಜನವರಿಯಲ್ಲಿ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಬೈಕಿನ ಮೇಲೆ ಮೂವರು ಹೋಗುತ್ತಿದ್ದ ಸಂಗತಿಯನ್ನು ಪರಿಶೀಲಿಸಿತು. ಮೂವರು ಕೂತಿದ್ದು ಕಾನೂನು ಬಾಹಿರ, ಆದ್ದರಿಂದ ಸತ್ತವನ ಪಾಲಿನ ನಿರ್ಲಕ್ಷ್ಯವೂ ಇದೆ ಎಂದು ದೆಹಲಿ ಹೈಕೋರ್ಟ್ ಶೇ 10 ಕಡಿತ ಮಾಡಿತ್ತು. ಸುಪ್ರೀಂ ಕೋರ್ಟ್ ಕಡಿತವನ್ನು ರದ್ದುಮಾಡಿತು. ಕಾನೂನು ಮುರಿದ ಮಾತ್ರಕ್ಕೆ ಅದು ಸತ್ತವನ ಪಾಲಿನ ನಿರ್ಲಕ್ಷ್ಯ (ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್) ಆಗುವುದಿಲ್ಲ, ಆ ಉಲ್ಲಂಘನೆ ಅಪಘಾತಕ್ಕೆ ಕಾರಣವಾಯಿತು ಅಥವಾ ಅಪಘಾತದ ಪೆಟ್ಟನ್ನು ಹೆಚ್ಚಿಸಿತು ಎಂದು ಸಾಬೀತಾಗಬೇಕು ಎಂದಿತು. ಕಂಪನಿಯ ವಕೀಲರು ಹಿಡಿದುಕೊಳ್ಳುವುದು ಈ ಕೊನೆಯ ಮಾತನ್ನೇ. ಅಪಘಾತಕ್ಕೆ ಹೆಲ್ಮೆಟ್ ಕಾರಣವಲ್ಲ ನಿಜ ಸ್ವಾಮಿ, ಆದರೆ ಪೆಟ್ಟು ಹೆಚ್ಚಾಗಿದ್ದಕ್ಕೆ ಕಾರಣ ತಾನೇ?

ಹೌದು, ಕಾರಣವಾಗಿರಬಹುದು. ಆದರೆ ಆ ತೀರ್ಪು ಕೇಳುವುದು ಸಾಬೀತನ್ನು, ಊಹೆಯನ್ನಲ್ಲ. ಸಾಬೀತು ಮಾಡುವ ಹೊರೆ ಹೇಳಿದವರ ಮೇಲೆ. ಆ ಹೊರೆಯನ್ನು ಅವರು ಹೇಗೆ ಹೊರುತ್ತಾರೆ ಎಂಬುದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಲಾಪದಲ್ಲಿ ಕೂತು ನೋಡಬೇಕು. ತಾಲ್ಲೂಕು ಕೇಂದ್ರದ ಹಿರಿಯ ಸಿವಿಲ್ ನ್ಯಾಯಾಲಯ, ಅಂದು ಅಪಘಾತ ಪರಿಹಾರದ (ಎಂವಿಸಿ) ಕೇಸುಗಳ ಸರದಿ. ಕಟಕಟೆಯಲ್ಲಿ ಹೆಂಡತಿ ನಿಂತಿದ್ದಾಳೆ. ಅಪಘಾತವನ್ನು ಅವಳು ಕಂಡಿಲ್ಲ. ಪಾಟಿ ಸವಾಲು ಹೀಗೆ ಸಾಗುತ್ತದೆ:

"ನಿಮ್ಮ ಗಂಡ ಹೆಲ್ಮೆಟ್ ಹಾಕಿರಲಿಲ್ಲ ಎಂದರೆ ಸರಿಯೇ?"

"ನಾನು ಅಲ್ಲಿರಲಿಲ್ಲ ಸ್ವಾಮಿ."

"ಹೆಲ್ಮೆಟ್ ಹಾಕಿದ್ದರೆ ಅವರು ಸಾಯುತ್ತಿರಲಿಲ್ಲ ಎಂದರೆ ಸರಿಯೇ?"

ಈ ಎರಡನೆಯ ಪ್ರಶ್ನೆಗೆ ಅವಳು ಏನು ಹೇಳಬೇಕು? ಅದಕ್ಕೆ ಉತ್ತರ ಹೇಳಬಲ್ಲವರು ಶವಪರೀಕ್ಷೆ ಮಾಡಿದ ವೈದ್ಯರು ಅಥವಾ ನರಶಸ್ತ್ರಚಿಕಿತ್ಸಕರು. ಅವರನ್ನು ಕಂಪನಿ ಸಾಕ್ಷಿಯಾಗಿ ಕರೆಯುವುದು ಅಪರೂಪ. ಏನೂ ತಿಳಿಯದ ಹೆಂಗಸಿನ ಬಾಯಿಂದ ಬಂದ "ಇರಬಹುದು" ಎಂಬ ಒಂದು ಪದವನ್ನು ವಾದದ ದಿನ ಎತ್ತಿ ಹಿಡಿಯುತ್ತಾರೆ. ಇದು ಸಾಬೀತಲ್ಲ. ಶವಪರೀಕ್ಷೆಯ ವರದಿಯಲ್ಲಿ ತಲೆಬುರುಡೆ ಒಡೆದದ್ದರ ಕೆಳಗಿನ ಸಾಲುಗಳನ್ನೂ ಓದಬೇಕು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಹೊಕ್ಕಿದೆಯೇ, ಗುಲ್ಮ ಹರಿದಿದೆಯೇ, ಸೊಂಟದ ಮೂಳೆ ಪುಡಿಯಾಗಿದೆಯೇ. ಶೇ 42 ಎಂಬ ಅಂಕಿ ಸಾವಿರಾರು ಸವಾರರ ಸರಾಸರಿ. ಈ ರಸ್ತೆಯಲ್ಲಿ, ಈ ಲಾರಿಯಡಿ ಬಿದ್ದ ಈ ಮನುಷ್ಯ ಉಳಿಯುತ್ತಿದ್ದನೇ ಎಂಬುದನ್ನು ಅದು ಹೇಳುವುದಿಲ್ಲ. ತೊಡೆಮೂಳೆ ಮುರಿದವನ ಕೇಸಿನಲ್ಲೂ ಹೆಲ್ಮೆಟ್ ಪ್ರಶ್ನೆ ಎತ್ತುವವರನ್ನು ಏನೆನ್ನಬೇಕೋ ತಿಳಿಯುವುದಿಲ್ಲ.

ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2024ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಹೆಲ್ಮೆಟ್ ಧರಿಸುವುದು ಕಡ್ಡಾಯ ನಿಜ, ಆದರೆ ಧರಿಸಿರಲಿಲ್ಲ ಎಂಬುದೊಂದನ್ನೇ ಮುಂದಿಟ್ಟು ನ್ಯಾಯಯುತ ಪರಿಹಾರವನ್ನು ನಿರಾಕರಿಸಲಾಗದು. ಬೇರೆ ಹೈಕೋರ್ಟುಗಳಲ್ಲಿ ಕಡಿತವಾದ ಉದಾಹರಣೆಗಳೂ ಇವೆ. ವಿಚಾರ ಮುಗಿದುಹೋಗಿದೆ ಎಂದು ನಾನು ಹೇಳುವುದಿಲ್ಲ. ಮುಗಿದಿಲ್ಲವಾದ್ದರಿಂದಲೇ ಇಷ್ಟು ಬರೆಯಬೇಕಾಗಿದೆ.

ಕಡಿತದ ಪರ ಇರುವವರು ಇಂಗ್ಲೆಂಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಓಕಾನೆಲ್ ವಿರುದ್ಧ ಜಾಕ್ಸನ್ ಪ್ರಕರಣದಲ್ಲಿ ಹೆಲ್ಮೆಟ್ ಇಲ್ಲದ ಮೊಪೆಡ್ ಸವಾರನ ಪರಿಹಾರ ಶೇ 15 ಕಡಿತವಾಗಿದ್ದು ನಿಜ. ಆಮೇಲೆ ಸೀಟ್ ಬೆಲ್ಟಿನ ಫ್ರೂಮ್ ವಿರುದ್ಧ ಬುಚರ್ ಪ್ರಕರಣದಲ್ಲಿ ಲಾರ್ಡ್ ಡೆನಿಂಗ್ ಒಂದು ಅಳತೆಯನ್ನೇ ಕೊಟ್ಟರು: ಬೆಲ್ಟ್ ಇದ್ದರೆ ಗಾಯವೇ ಆಗುತ್ತಿರಲಿಲ್ಲ ಎಂದಾದರೆ ಶೇ 25, ಗಾಯ ಸಾಕಷ್ಟು ಕಡಿಮೆಯಾಗುತ್ತಿತ್ತು ಎಂದಾದರೆ ಶೇ 15, ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದಾದರೆ ಸೊನ್ನೆ. ನಮ್ಮಲ್ಲಿ ಈ ತೀರ್ಪನ್ನು ತೋರಿಸುವವರು 15 ಮತ್ತು 25ನ್ನು ಓದುತ್ತಾರೆ, ಸೊನ್ನೆಯನ್ನು ಬಿಡುತ್ತಾರೆ. ಜೊತೆಗೆ ಆ ದೇಶದಲ್ಲಿ ಹೀಗೆ ಪಾಲು ಹಂಚಲು 1945ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ತಲೆಗೆ ಪೆಟ್ಟು ಬಿದ್ದವನ ಆಪರೇಷನ್ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉಚಿತ. ನಮ್ಮಲ್ಲಿ ಹೊಸದುರ್ಗದ ಹಳ್ಳಿಯವನ ತಲೆಗೆ ಪೆಟ್ಟಾದರೆ ಮೊದಲು ಚಿತ್ರದುರ್ಗ, ಅಲ್ಲಿಂದ ದಾವಣಗೆರೆ ಅಥವಾ 200 ಕಿಲೋಮೀಟರ್ ದೂರದ ಬೆಂಗಳೂರು. ಆಂಬುಲೆನ್ಸ್ ಬಾಡಿಗೆಗೆ ತಾಳಿ ಅಡವು, ಐಸಿಯುಗೆ ತೆಂಗಿನ ತೋಟದ ಮೇಲೆ ಸಾಲ. ಪರಿಹಾರದ ಹಣ ಬರುವ ಹೊತ್ತಿಗೆ ಅದರ ಒಂದು ಭಾಗ ಬಡ್ಡಿಗೇ ಹೋಗಿರುತ್ತದೆ. ಅದರಲ್ಲಿ ಇನ್ನೂ ಶೇ 15 ಕಳೆಯಲು ಇಂಗ್ಲೆಂಡಿನ ತೀರ್ಪು ಸಮರ್ಥನೆಯಾಗಲಾರದು.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಇಲ್ಲಿ ನೆನೆಯಬೇಕು. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷದವರೆಗೆ ಚಿಕಿತ್ಸೆ. ಹೆಲ್ಮೆಟ್ ಹಾಕಿದ್ದೆಯಾ ಎಂದು ಅದು ಕೇಳುವುದಿಲ್ಲ. 164ನೇ ಸೆಕ್ಷನ್ ಕೂಡ ಹಾಗೆಯೇ. ಯಾರ ನಿರ್ಲಕ್ಷ್ಯ ಎಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. (ಇದನ್ನು ಒಪ್ಪಿ ಪಡೆದರೆ 166ನೇ ಸೆಕ್ಷನ್ನಿನಡಿ ನ್ಯಾಯಮಂಡಳಿಗೆ ಹಾಕಿದ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಸಹಿ ಹಾಕುವ ಮುನ್ನ ಇದನ್ನು ತಿಳಿದಿರಬೇಕು.) ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ ಸಿಗುವ 2 ಲಕ್ಷಕ್ಕೂ ಹೆಲ್ಮೆಟ್ ಷರತ್ತಿಲ್ಲ. ಬೈಕು ತಾನಾಗಿಯೇ ಜಾರಿ ಬಿದ್ದು ಸತ್ತರೆ ಮಾತ್ರ ಕತೆ ಬೇರೆ. ಆಗ ಕೇಳಲು ಎದುರು ವಾಹನವೇ ಇರುವುದಿಲ್ಲ. ಮಾಲೀಕನ ಹೆಸರಿನಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೇ ಗತಿ. ಥರ್ಡ್ ಪಾರ್ಟಿ ಕಟ್ಟುವಾಗ ಅದನ್ನು ಬೇಡವೆಂದು ಬಿಡುವವರು ತುಂಬ ಜನ.

ಕಡಿತದ ಭಯ ಇದ್ದರೆ ಜನ ಹೆಲ್ಮೆಟ್ ಹಾಕುತ್ತಾರೆ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ತಲೆ ಒಡೆದು ಸಾಯಬಹುದು ಎಂಬುದಕ್ಕೇ ಹೆದರದವನು, ಸತ್ತ ಮೂರು ವರ್ಷದ ಮೇಲೆ ಬರುವ ಅವಾರ್ಡಿನಲ್ಲಿ ಶೇ 15 ಕಡಿಮೆಯಾದೀತು ಎಂದು ಹೆದರುತ್ತಾನೆಯೇ? ಹೆಲ್ಮೆಟ್ ತಲೆಗೇರುವುದು ನಾಳೆ ಬೆಳಿಗ್ಗೆ ಗಾಂಧಿ ವೃತ್ತದಲ್ಲಿ ಪೊಲೀಸರು ಹಿಡಿಯುತ್ತಾರೆ ಎಂಬ ಖಾತ್ರಿಯಿಂದ. ಹಳ್ಳಿ ರಸ್ತೆಯಲ್ಲಿ ಆ ಖಾತ್ರಿಯಿಲ್ಲ, ಅಲ್ಲಿ ಹೆಲ್ಮೆಟ್ಟೂ ಇಲ್ಲ.

ಸುಳ್ಳು ಭಯ ಮಾಡುವ ಹಾನಿಯಂತೂ ಕಣ್ಣೆದುರಿಗಿದೆ. ಕ್ಲೇಮು ಹೋಗುತ್ತದೆಂದು ಹೆದರಿದ ಮನೆಯವರು ಮೊದಲು ಕೇಳುವುದೇ "ಹೆಲ್ಮೆಟ್ ಇತ್ತು ಅಂತ ಬರೆಸಬೇಕಾ ಸಾರ್?" ಎಂದು. ನಿಜ ಹೇಳಿದರೂ ಕಾನೂನು ಕೈಬಿಡದ ಕಡೆ ಸುಳ್ಳು ಹೇಳಲು ಕಲಿಸಿದಂತಾಯಿತು. ಮಹಜರಿನಲ್ಲಿ ಒಂದು, ಹೇಳಿಕೆಯಲ್ಲಿ ಇನ್ನೊಂದು ಬಂದಾಗ ಪಾಟಿ ಸವಾಲಿನಲ್ಲಿ ಇಡೀ ಕೇಸು ಅಲ್ಲಾಡುತ್ತದೆ. ಹೆಲ್ಮೆಟ್ ಇರಲಿಲ್ಲ ಎಂಬ ಸತ್ಯದಿಂದ ಆಗದ ನಷ್ಟ, ಇತ್ತು ಎಂಬ ಸುಳ್ಳಿನಿಂದ ಆಗುತ್ತದೆ. ಇನ್ನೊಂದು ಹಾನಿ ಕಾಲಮಿತಿಯದು. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಅದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿದ್ದು, ಕಾಲ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶವನ್ನು ನಂಬಿ ಯಾರೂ ಸುಮ್ಮನೆ ಕೂರಬಾರದು. ಹನ್ನೊಂದನೇ ದಿನದ ಕಾರ್ಯ, ಸಾಲಗಾರರ ಕಾಟ, "ಹೆಲ್ಮೆಟ್ ಇರಲಿಲ್ಲವಲ್ಲ" ಎಂಬ ಊರವರ ಮಾತು, ಇವುಗಳ ನಡುವೆ ಆರು ತಿಂಗಳು ಕಳೆದುಹೋಗಲು ಹೊತ್ತು ಬೇಕಿಲ್ಲ.

ಹೆಲ್ಮೆಟ್ ಬಗ್ಗೆ ನಿಜವಾದ ಕಾಳಜಿ ಇರುವವರಿಗೆ ಮಾಡಲು ಬೇಕಾದಷ್ಟು ಕೆಲಸವಿದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆದರೆ ಹೆದ್ದಾರಿ 48ರ ಬದಿಯಲ್ಲಿ ನೂರಿನ್ನೂರು ರೂಪಾಯಿಯ ಅರ್ಧ ಹೆಲ್ಮೆಟ್ಟುಗಳು ಕಂಬಕ್ಕೆ ತೂಗುಹಾಕಿಕೊಂಡೇ ಇವೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿ: ಹೊರಗೆ ತೆಳು ಪ್ಲಾಸ್ಟಿಕ್ಕು, ಒಳಗೆ ಪೆಟ್ಟು ಹೀರುವ ಗಟ್ಟಿ ಥರ್ಮಾಕೋಲ್ ಪದರದ ಬದಲು ಬೆರಳಿನಿಂದ ಒತ್ತಿದರೆ ಅಪ್ಪಚ್ಚಿಯಾಗುವ ಸ್ಪಂಜು, ಒಂದೇ ಜಗ್ಗಿಗೆ ಕಿತ್ತು ಬರುವ ಬಕಲ್ಲು. ಪೊಲೀಸರ ತಪಾಸಣೆ ದಾಟಲು ಅದು ಸಾಕು, ರಸ್ತೆಗೆ ಬಿದ್ದಾಗ ಯಾವುದಕ್ಕೂ ಸಾಲದು. ಮಾರಿದವನನ್ನು ಬಿಟ್ಟು, ಕೊಂಡು ಸತ್ತವನ ಹೆಂಡತಿಯ ಬಳಿ ಲೆಕ್ಕ ಕೇಳುವುದನ್ನು ನಾನು ಒಪ್ಪಲಾರೆ.

ರಸ್ತೆಯದೂ ಅಷ್ಟೇ. ಹಿಂದಿನ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಮೆಕ್ಕೆಜೋಳ ತುಂಬಿಕೊಂಡು ಕತ್ತಲಲ್ಲಿ ನಿಂತಿರುತ್ತವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರವಿ ವಾಹನಗಳ ಚಕ್ರದಲ್ಲಿ ಒಕ್ಕಿಸುತ್ತಾರೆ. ಬೈಕಿನ ಮುಂದಿನ ಗಾಲಿ ಅದರ ಮೇಲೆ ನಿಲ್ಲುವುದಿಲ್ಲ. ಹೆಲ್ಮೆಟ್ ಇಲ್ಲದಿರುವುದು ಅಪಘಾತಕ್ಕೆ ಕಾರಣವಲ್ಲ, ಆದರೆ ಸಾವನ್ನು ತಪ್ಪಿಸಲು ಹೆಲ್ಮೆಟ್ ಅಗತ್ಯ ಎಂದು ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯೇ ಬೇರ್ಪಡಿಸಿ ಹೇಳುತ್ತದೆ. ಆ ವ್ಯತ್ಯಾಸ ನ್ಯಾಯಮಂಡಳಿಯಲ್ಲಿ ಮರೆತುಹೋಗಬಾರದು.

ಲೋಕ ಅದಾಲತ್ತಿನ ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೋರ್ಟುಗಳಲ್ಲಿ ಕಂಪನಿಯವರು ಮೇಜಿನ ಆಚೆ ಫೈಲು ತೆರೆದು ಕೂತಿರುತ್ತಾರೆ. ರಾಜಿ ಮಾಡಿಕೊಳ್ಳುವುದು ತಪ್ಪಲ್ಲ, ಬೇಗ ಹಣ ಕೈಗೆ ಬರುವುದು ಬಡವರಿಗೆ ದೊಡ್ಡ ವಿಷಯ. ಆದರೆ ಮೊತ್ತ ಇಳಿಸಲು "ಹೆಲ್ಮೆಟ್ ಇರಲಿಲ್ಲವಲ್ಲಮ್ಮ" ಎಂದು ಶುರುವಾದಾಗ ಅರ್ಜಿದಾರರ ವಕೀಲರು ತಲೆ ತಗ್ಗಿಸಬೇಕಾಗಿಲ್ಲ. ಹೆಲ್ಮೆಟ್ಟಿನಿಂದ ಈ ಗಾಯ ತಪ್ಪುತ್ತಿತ್ತು ಎಂದು ಹೇಳಲು ಯಾವ ವೈದ್ಯರನ್ನು ಸಾಕ್ಷಿಯಾಗಿ ಕರೆದಿದ್ದೀರಿ, ಅವರ ಹೇಳಿಕೆ ಫೈಲಿನಲ್ಲಿ ಯಾವ ಪುಟದಲ್ಲಿದೆ ಎಂದು ಕೇಳಬೇಕು. ಪುಟ ತೋರಿಸಿದರೆ ಅದರ ಮೇಲೆ ಮಾತಾಡೋಣ. ತೋರಿಸದಿದ್ದರೆ ಪೂರ್ತಿ ಮೊತ್ತದಿಂದಲೇ ಮಾತು ಶುರುವಾಗಲಿ.